ಭಾಷೆ, ತೆರ ಮತ್ತು ದಂಡ: ವಿವಾಹದ ಕರಾರು ಹಾಗೂ ವ್ಯಭಿಚಾರದ ಶಿಕ್ಷೆ – ರಾಮನಗರ ಸೀಮೆಯ ರೂಢಿಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪ್ರಸ್ತಾವನೆ

2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಜೋಸೆಫ್ ಶೈನ್ ಪ್ರಕರಣದಲ್ಲಿ ಭಾರತೀಯ ದಂಡ ಸಂಹಿತೆಯ 497ನೆಯ ಕಲಮನ್ನು ಅಸಿಂಧುವೆಂದು ಘೋಷಿಸಿತು. ಪರರ ಹೆಂಡತಿಯೊಡನೆ ಗಂಡನ ಸಮ್ಮತಿಯಿಲ್ಲದೆ ಸಂಬಂಧ ಬೆಳೆಸಿದ ಪುರುಷನಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದ್ದ ಈ ಕಲಮು 158 ವರ್ಷಗಳಷ್ಟು ಹಳೆಯದಾಗಿತ್ತು. ತೀರ್ಪು ಹೊರಬಿದ್ದಾಗ ನಾಡಿನಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕೇಳಿಬಂದವು. ದಾಂಪತ್ಯದ ಪಾವಿತ್ರ್ಯಕ್ಕೆ ಧಕ್ಕೆಯಾಯಿತೆಂಬುದು ಒಂದು. ವಯಸ್ಕರಿಬ್ಬರ ಖಾಸಗಿ ಬದುಕಿನಿಂದ ಪ್ರಭುತ್ವ ಹಿಂದೆ ಸರಿಯಿತೆಂಬುದು ಇನ್ನೊಂದು. ಮೊದಲನೆಯ ಪ್ರತಿಕ್ರಿಯೆಯು ವಿವಾಹವನ್ನು ಸಂಸ್ಕಾರವೆಂದು ಭಾವಿಸುತ್ತದೆ. ಎರಡನೆಯದು ಅದನ್ನು ಕರಾರೆಂದು ಭಾವಿಸುತ್ತದೆ. ನಮ್ಮ ಪರಂಪರೆ ಸಂಸ್ಕಾರದ್ದು, ಕರಾರಿನ ಕಲ್ಪನೆ ಪಶ್ಚಿಮದ್ದು ಎಂಬ ಗ್ರಹಿಕೆಯೊಂದು ಈ ಎರಡೂ ಪಕ್ಷಗಳಲ್ಲಿ ಸಮಾನವಾಗಿ ಮನೆಮಾಡಿದೆ.

ಈ ಗ್ರಹಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ನಿರ್ದಿಷ್ಟ ಸೀಮೆಯ ರೂಢಿಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನೊಳಗೊಂಡ ಈ ಪ್ರದೇಶವು ಹಳೆಯ ಮೈಸೂರು ಸಂಸ್ಥಾನದ ಭಾಗವಾಗಿದ್ದು, 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆಯಿತು. ಒಕ್ಕಲು, ಕುರಿ ಸಾಕಣೆ, ರೇಷ್ಮೆ, ಕುಶಲಕಸುಬುಗಳನ್ನು ನಂಬಿದ ಇಲ್ಲಿನ ಸಮುದಾಯಗಳಲ್ಲಿ ವಿವಾಹವು ಧಾರ್ಮಿಕ ಸಂಸ್ಕಾರವಾಗಿರುವಂತೆಯೇ ಮಾತುಕತೆ, ಹಣ, ಸಾಕ್ಷಿ ಮತ್ತು ಬಿಡುಗಡೆಯನ್ನು ಒಳಗೊಂಡ ವ್ಯವಹಾರವೂ ಆಗಿತ್ತೆಂಬುದಕ್ಕೆ ಸಾಕಷ್ಟು ಆಧಾರಗಳಿವೆ.

ಸ್ವಾತಂತ್ರ್ಯವಾದದ ನಿಲುವು

ವ್ಯಕ್ತಿಸ್ವಾತಂತ್ರ್ಯವನ್ನು ಪರಮಮೌಲ್ಯವಾಗಿ ಎಣಿಸುವ ಸ್ವಾತಂತ್ರ್ಯವಾದಿ ಚಿಂತಕರು ವಿವಾಹವನ್ನು ಇಬ್ಬರು ವಯಸ್ಕರ ನಡುವಿನ ಒಪ್ಪಂದವೆಂದು ಪರಿಭಾವಿಸುತ್ತಾರೆ. ಒಪ್ಪಂದವನ್ನು ಮುರಿದವನು ತಪ್ಪು ಮಾಡಿರಬಹುದು. ಆದರೆ ಅದು ನೊಂದ ವ್ಯಕ್ತಿಗೆ ಎಸಗಿದ ತಪ್ಪೇ ಹೊರತು ಪ್ರಭುತ್ವಕ್ಕೆ ಎಸಗಿದ ಅಪರಾಧವಲ್ಲ. ಆದುದರಿಂದ ಅದಕ್ಕೆ ಪರಿಹಾರ, ಬೇರ್ಪಡೆ, ಆಸ್ತಿ ವಿಭಾಗಗಳಿರಬಹುದು, ಸೆರೆಮನೆ ಇರಕೂಡದು. ಇದು ಈ ವಾದದ ತಿರುಳು.

ಜರ್ಮನಿಯ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ 1792ರಷ್ಟು ಹಿಂದೆಯೇ ಪ್ರಭುತ್ವದ ಮಿತಿಗಳನ್ನು ಕುರಿತು ಬರೆಯುತ್ತ, ವಿವಾಹವನ್ನು ಕೊನೆಗಾಣಿಸಲು ಇಬ್ಬರಲ್ಲಿ ಒಬ್ಬರು ತಮ್ಮ ಇಚ್ಛೆಯನ್ನು ಸ್ಪಷ್ಟಪಡಿಸಿದರೆ ಸಾಕೆಂದು ಪ್ರತಿಪಾದಿಸಿದನು. ಜಾನ್ ಸ್ಟುವರ್ಟ್ ಮಿಲ್ಲನು 1859ರ 'ಆನ್ ಲಿಬರ್ಟಿ' ಗ್ರಂಥದಲ್ಲಿ ಈ ಮಾತನ್ನು ಎತ್ತಿಕೊಂಡು, ಪ್ರಶ್ನೆ ಅಷ್ಟು ಸರಳವಲ್ಲವೆಂದು ಎಚ್ಚರಿಸಿದನು. ಒಬ್ಬನ ಮಾತನ್ನು ನಂಬಿ ಇನ್ನೊಬ್ಬರು ಬದುಕನ್ನು ಕಟ್ಟಿಕೊಂಡಿರುತ್ತಾರೆ. ಮಕ್ಕಳೆಂಬ ಮೂರನೆಯ ಪಕ್ಷ ಹುಟ್ಟಿಕೊಂಡಿರುತ್ತದೆ. ಅವರಿಗೆ ಸಲ್ಲಬೇಕಾದ ನೈತಿಕ ಋಣ ಒಬ್ಬರ ಇಚ್ಛೆಯಿಂದ ತೀರುವುದಿಲ್ಲ ಎಂಬುದು ಅವನ ವಾದ. ಇದೇ ಮಿಲ್ಲನು 1851ರಲ್ಲಿ ಹ್ಯಾರಿಯೆಟ್ ಟೇಲರಳನ್ನು ವರಿಸುವಾಗ, ಕಾನೂನು ಗಂಡನಿಗೆ ದಯಪಾಲಿಸುವ ಅಧಿಕಾರಗಳನ್ನು ತಾನು ತ್ಯಜಿಸುವುದಾಗಿ ಬರೆದುಕೊಟ್ಟನು. ಕರಾರಿನ ಎರಡು ಪಕ್ಷಗಳು ಸಮಾನವಾಗಿರದಿದ್ದರೆ ಅದು ಕರಾರೇ ಅಲ್ಲವೆಂಬ ಅರಿವು ಈ ಬರಹದಲ್ಲಿದೆ.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ವಾದ ಇನ್ನಷ್ಟು ತೀಕ್ಷ್ಣವಾಯಿತು. ಮರ‍್ರೇ ರಾತ್‌ಬಾರ್ಡ್ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬರಿಯ ವಾಗ್ದಾನವನ್ನು ಬಲಪ್ರಯೋಗದಿಂದ ಜಾರಿಗೊಳಿಸಲಾಗದು, ಹಸ್ತಾಂತರಗೊಂಡ ಸ್ವತ್ತಿಗೆ ಸಂಬಂಧಿಸಿದ ಕರಾರನ್ನು ಮಾತ್ರ ಜಾರಿಗೊಳಿಸಬಹುದು ಎಂದು ವಾದಿಸಿದನು. ಮನುಷ್ಯನ ದೇಹ ಮತ್ತು ಮನಸ್ಸು ಹಸ್ತಾಂತರಿಸಬಲ್ಲ ಸ್ವತ್ತಲ್ಲವಾದ್ದರಿಂದ ನಿಷ್ಠೆಯ ವಾಗ್ದಾನವು ಈ ತರ್ಕದ ಪ್ರಕಾರ ಆತ್ಮಸಾಕ್ಷಿಗೆ ಬಿಟ್ಟ ವಿಷಯವಾಗುತ್ತದೆ. ಇದಕ್ಕೆ ಪ್ರತಿಯಾಗಿ ಕ್ಯಾರೊಲ್ ಪೇಟ್‌ಮನ್ 1988ರ ತನ್ನ ಕೃತಿಯಲ್ಲಿ, ಸ್ವತಂತ್ರ ವ್ಯಕ್ತಿಗಳ ಒಪ್ಪಂದವೆಂದು ಬಣ್ಣಿಸಲಾಗುವ ವಿವಾಹದ ಕರಾರು ಚರಿತ್ರೆಯಲ್ಲಿ ಹೆಣ್ಣನ್ನು ಅಧೀನಗೊಳಿಸುವ ಸಾಧನವಾಗಿ ಬಂದಿದೆಯೆಂದು ತೋರಿಸಿದಳು. ಕರಾರು ಎಂಬ ಪದ ಸ್ವಾತಂತ್ರ್ಯಕ್ಕೆ ಖಾತರಿಯಲ್ಲ. ಕರಾರು ಯಾರ ಯಾರ ನಡುವೆ ಆಗಿದೆ ಎಂಬುದೇ ಮುಖ್ಯ. ಈ ಸೂತ್ರವನ್ನು ಹಿಡಿದು ಹಳೆಯ ಮೈಸೂರಿನ ರೂಢಿಗಳತ್ತ ನೋಡಬಹುದು.

ಧಾರೆ ಮತ್ತು ಕೂಡಿಕೆ

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣ, ರಾಮಗಿರಿ, ಮಾಗಡಿಗಳನ್ನು ಹಾದುಹೋದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ಹಲವು ಜಾತಿಗಳ ವಿವಾಹಪದ್ಧತಿಗಳ ವಿವರಗಳಿದ್ದು, ವಿಧವೆಯರೂ ಗಂಡನನ್ನು ತೊರೆದವರೂ ಪ್ರವೇಶಿಸಬಹುದಾಗಿದ್ದ ಎರಡನೆಯ ಬಗೆಯ ದಾಂಪತ್ಯದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು 1928ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದ ಮೈಸೂರಿನ ಬುಡಕಟ್ಟುಗಳು ಮತ್ತು ಜಾತಿಗಳ ಅಧ್ಯಯನದಲ್ಲಿಯೂ, ಎಂ.ಎನ್. ಶ್ರೀನಿವಾಸ್ ಅವರು 1942ರಲ್ಲಿ ಪ್ರಕಟಿಸಿದ ಮೈಸೂರಿನ ವಿವಾಹ ಮತ್ತು ಕುಟುಂಬ ಕುರಿತ ಗ್ರಂಥದಲ್ಲಿಯೂ ಈ ಪದ್ಧತಿಗಳು ವ್ಯವಸ್ಥಿತವಾಗಿ ದಾಖಲಾಗಿವೆ.

ಈ ದಾಖಲೆಗಳ ಪ್ರಕಾರ ಹಲವು ಸಮುದಾಯಗಳಲ್ಲಿ ಹೆಣ್ಣೊಬ್ಬಳ ಬದುಕಿನಲ್ಲಿ ಎರಡು ಬಗೆಯ ದಾಂಪತ್ಯಗಳು ಸಾಧ್ಯವಿದ್ದವು. ಮೊದಲನೆಯದು ಧಾರೆ. ವೀಳ್ಯಶಾಸ್ತ್ರದಲ್ಲಿ ಕುಲಸ್ಥರ ಎದುರು ಎಲೆಅಡಿಕೆ ಬದಲಾಯಿಸಿ ಮಾತು ಕಟ್ಟಿ, ಲಗ್ನಪತ್ರಿಕೆ ಬರೆಸಿ, ಗಂಡಿನ ಕಡೆಯವರು ತೆರ ತೆತ್ತು, ಚಪ್ಪರದಡಿಯಲ್ಲಿ ನೀರು ಬಿಟ್ಟು ಕನ್ಯೆಯನ್ನು ಒಪ್ಪಿಸುವುದು ಇದರ ಕ್ರಮ. ಎರಡನೆಯದು ಕೂಡಿಕೆ, ಅಥವಾ ಸೀರೆ ಉಡಿಕೆ. ವಿಧವೆ ಅಥವಾ ಬಿಡುಗಡೆ ಪಡೆದವಳು ಇನ್ನೊಬ್ಬನನ್ನು ಸೇರುವಾಗ ಚಪ್ಪರವಿಲ್ಲ, ವಾದ್ಯವಿಲ್ಲ, ಮುತ್ತೈದೆಯರ ಸಡಗರವಿಲ್ಲ. ಸಂಜೆಯ ಹೊತ್ತು ಕೆಲವೇ ಹಿರಿಯರ ಸಮಕ್ಷಮ ಗಂಡು ಕೊಟ್ಟ ಹೊಸ ಸೀರೆಯನ್ನು ಅವಳು ಉಡುತ್ತಾಳೆ. ತೆರವೂ ಸಾಮಾನ್ಯವಾಗಿ ಕಡಿಮೆ. ಕೂಡಿಕೆಯಾದವಳು ಹಸೆಯ ಕಾರ್ಯಗಳಲ್ಲಿ ಮುಂದೆ ನಿಲ್ಲುವಂತಿರಲಿಲ್ಲ.

ಈ ಎರಡು ಪದಗಳ ವ್ಯಾಕರಣವೇ ಒಂದು ಸಾಮಾಜಿಕ ಸತ್ಯವನ್ನು ಹೇಳುತ್ತದೆ. ಧಾರೆ ಎರೆಯುವುದು ಎಂಬ ಕ್ರಿಯೆಗೆ ಕರ್ತೃ ತಂದೆ, ಸ್ವೀಕರಿಸುವವನು ಅಳಿಯ. ಹೆಣ್ಣು ಇಲ್ಲಿ ಕರ್ಮಪದ. ಕೂಡುವುದು ಎಂಬುದಾದರೋ ಅಕರ್ಮಕ ಕ್ರಿಯಾಪದ. ಕೂಡುವವರು ಇಬ್ಬರೂ ಕರ್ತೃಗಳೇ. ಆಡುಮಾತಿನ 'ಕಟ್ಟಿಕೊಂಡವಳು', 'ಇಟ್ಟುಕೊಂಡವಳು' ಎಂಬ ಪ್ರಯೋಗಗಳಲ್ಲಿಯೂ ಹೆಣ್ಣು ಪರರ ಕ್ರಿಯೆಗೆ ಒಳಪಟ್ಟವಳೇ. ಈ ಗುಂಪಿನಿಂದ ಹೊರನಿಲ್ಲುವ ಪದ 'ಕೂಡಿಕೆ' ಒಂದೇ ಎನ್ನಬಹುದು. ಕೂಡಿಕೆಯಾಗುವ ಹೆಣ್ಣು ಪ್ರಾಯ ತುಂಬಿದವಳು, ಒಂದು ಸಂಸಾರ ಕಂಡವಳು. ಹಿರಿಯರ ಒಪ್ಪಿಗೆ ಅಗತ್ಯವಾಗಿದ್ದರೂ ಅವಳ ಒಪ್ಪಿಗೆಯನ್ನು ಕಡೆಗಣಿಸುವುದು ಎಳೆಯ ಕನ್ಯೆಯ ವಿಷಯದಲ್ಲಿದ್ದಷ್ಟು ಸುಲಭವಾಗಿರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ಪ್ರತಿಬಂಧಕ ಶಾಸನವನ್ನು ತರಬೇಕಾಗಿ ಬಂದ ಕಾಲದಲ್ಲಿ ಈ ಅಂತರ ಸಣ್ಣದಲ್ಲ. ಹೀಗೆ ಸಮಾಜ ಕೆಳದರ್ಜೆಯದೆಂದು ಬಗೆದ ದಾಂಪತ್ಯವೇ ಇಬ್ಬರು ವಯಸ್ಕರ ಒಪ್ಪಂದವೆಂಬ ಆಧುನಿಕ ಪರಿಕಲ್ಪನೆಗೆ ಹೆಚ್ಚು ಸಮೀಪವಾಗಿತ್ತು. ಗೌರವದ ಸ್ಥಾನ ಪಡೆದ ಧಾರೆಯು ಎರಡು ಮನೆತನಗಳ ನಡುವಿನ ಕರಾರಾಗಿತ್ತು.

ತೆರ ಮರಳಿತು, ದಂಡ ಯಾರಿಗೆ?

ಕರಾರು ಮುರಿದಾಗ ಏನಾಗುತ್ತಿತ್ತು ಎಂಬುದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಹೆಂಡತಿ ಪರಪುರುಷನೊಡನೆ ಹೋದಳೆಂಬ ದೂರು ಬಂದಾಗ ಕಟ್ಟೆಮನೆಯ ಯಜಮಾನರು ಸೇರುತ್ತಿದ್ದರು. ಕೋಲುಕಾರನು ಸುದ್ದಿ ಮುಟ್ಟಿಸುತ್ತಿದ್ದನು. ಹಲವು ಸಮುದಾಯಗಳಲ್ಲಿ ತೀರ್ಮಾನದ ಸಾಮಾನ್ಯ ಸ್ವರೂಪ ಇದು: ಗಂಡನು ಅವಳನ್ನು ಮರಳಿ ಕರೆದುಕೊಳ್ಳಲು ಒಪ್ಪಿದರೆ ಕುಲಕ್ಕೆ ತಪ್ಪುಕಾಣಿಕೆ ಕೊಟ್ಟು ಶುದ್ಧಿ ಮಾಡಿಕೊಳ್ಳುವುದು, ಒಪ್ಪದಿದ್ದರೆ ಬಿಡುಗಡೆ. ಅವಳು ಹೋಗಿ ಸೇರುವ ಪುರುಷನು ಮೊದಲ ಗಂಡನಿಗೆ ತೆರವನ್ನೂ ಮದುವೆಯ ವೆಚ್ಚವನ್ನೂ ತುಂಬಿಕೊಡಬೇಕು, ಕುಲಕ್ಕೆ ದಂಡ ಕಟ್ಟಬೇಕು. ಅನಂತರ ಅವರಿಬ್ಬರ ಕೂಡಿಕೆಗೆ ಅಡ್ಡಿಯಿಲ್ಲ. ಸೆರೆಯಿಲ್ಲ, ದೇಹದಂಡನೆ ಅನಿವಾರ್ಯವಲ್ಲ. ನಷ್ಟದ ಲೆಕ್ಕ, ಪರಿಹಾರ, ಬಿಡುಗಡೆ, ಹೊಸ ಒಪ್ಪಂದ ಇಷ್ಟೇ. ಮೇಲುನೋಟಕ್ಕೆ ಸ್ವಾತಂತ್ರ್ಯವಾದಿಗಳು ಬಯಸುವ ವ್ಯವಸ್ಥೆ ಇದೇ ಎನಿಸುತ್ತದೆ.

ಆದರೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಗಮನಿಸಬೇಕು. ತೆರ ಎರಡನೆಯ ಗಂಡನಿಂದ ಮೊದಲ ಗಂಡನಿಗೆ ಹೋಯಿತು. ದಂಡ ಕುಲಕ್ಕೆ ಹೋಯಿತು. ಗಂಡನು ಬೇರೊಬ್ಬಳನ್ನು ಕೂಡಿದಾಗ ಹೆಂಡತಿಗೆ ಸಲ್ಲುವ ಪರಿಹಾರದ ಬಾಬು ಈ ಲೆಕ್ಕದಲ್ಲಿ ಇರಲಿಲ್ಲ. ಅಂದರೆ ನಷ್ಟ ಹೊಂದಬಲ್ಲ ಪಕ್ಷವೆಂದು ಹೆಂಡತಿಯನ್ನು ರೂಢಿ ಎಣಿಸಿರಲಿಲ್ಲ. ಅವಳು ಒಪ್ಪಂದದ ವಸ್ತುವಾಗಿದ್ದಳು, ಒಪ್ಪಂದದ ಪಕ್ಷವಾಗಿರಲಿಲ್ಲ.

ದಂಡದ ಹಕ್ಕು ಕುಲದ ಕೈಯಿಂದ ಪ್ರಭುತ್ವದ ಕೈಗೆ ಹೋದಾಗ ಸ್ಥಿತಿ ಮತ್ತಷ್ಟು ಕಠಿಣವಾಯಿತು. ಕಲ್ಯಾಣದ ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸ್ತ್ರೀಸಂಗ್ರಹಣವು ಒಂದು ಪ್ರತ್ಯೇಕ ವ್ಯವಹಾರಪದ. ಅಲ್ಲಿ ದಂಡದ ಪ್ರಮಾಣವು ಸ್ತ್ರೀಪುರುಷರ ವರ್ಣವನ್ನು ಅವಲಂಬಿಸಿ ಏರಿಳಿಯುತ್ತದೆ. ದಂಡ ಸಲ್ಲುವುದು ರಾಜನಿಗೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳ ಮೈಸೂರಿನಲ್ಲಿ ಈ ತತ್ತ್ವವು ಸಮಯಾಚಾರವೆಂಬ ಕಂದಾಯದ ಬಾಬಾಗಿ ಕಾಣಿಸಿಕೊಂಡಿತು. ಜಾತಿಯ ಕಟ್ಟಳೆ ಮೀರಿದವರಿಂದ, ವಿಶೇಷವಾಗಿ ನಡತೆಗೆಟ್ಟಳೆಂದು ದೂರಿಗೊಳಗಾದ ಹೆಣ್ಣುಮಕ್ಕಳಿಂದ ದಂಡ ವಸೂಲು ಮಾಡುವ ಹಕ್ಕನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ದಂಡ ತೆರಲಾಗದವರನ್ನು ಮಾರಿದ ಸಂಗತಿಗಳು ಬ್ರಿಟಿಷ್ ಅಧಿಕಾರಿಗಳ ಬರಹಗಳಲ್ಲಿ ದಾಖಲಾಗಿವೆ. 1831ರಲ್ಲಿ ಕಮಿಷನ್ ಆಡಳಿತ ಆರಂಭವಾದ ಮೇಲೂ ಕೆಲಕಾಲ ಬೆಂಗಳೂರಿನಲ್ಲಿ ಈ ಪದ್ಧತಿ ಉಳಿದುಬಂದಿತ್ತು. ಗುತ್ತಿಗೆದಾರನಿಗೆ ದೂರು ಹೆಚ್ಚಿದಷ್ಟೂ ಲಾಭ. ಶೀಲವನ್ನು ಕಾಯುವ ನೆಪದಲ್ಲಿ ನಿಂತ ಅಧಿಕಾರವು ಶೀಲಭಂಗದ ಆರೋಪವನ್ನೇ ಆದಾಯದ ಮೂಲವನ್ನಾಗಿ ಮಾಡಿಕೊಂಡ ಈ ಪ್ರಸಂಗವು, ವ್ಯಭಿಚಾರವನ್ನು ಪ್ರಭುತ್ವ ದಂಡಿಸಬೇಕೆನ್ನುವವರು ಎದುರಿಸಲೇಬೇಕಾದ ಚಾರಿತ್ರಿಕ ಪಾಠವಾಗಿದೆ.

497ನೆಯ ಕಲಮಿನ ಹುಟ್ಟು ಮತ್ತು ಅಂತ್ಯ

ಮೆಕಾಲೆಯ ನೇತೃತ್ವದ ಆಯೋಗವು 1837ರಲ್ಲಿ ಸಿದ್ಧಪಡಿಸಿದ ದಂಡ ಸಂಹಿತೆಯ ಕರಡಿನಲ್ಲಿ ವ್ಯಭಿಚಾರವು ಅಪರಾಧವಾಗಿರಲಿಲ್ಲ. ಆಯೋಗ ಕೊಟ್ಟ ಕಾರಣಗಳು ಕುತೂಹಲಕರವಾಗಿವೆ. ಮಾನಕ್ಕೆ ಅಂಜುವವರು ಇಂಥ ದೂರನ್ನು ನ್ಯಾಯಾಲಯಕ್ಕೆ ತರುವುದಿಲ್ಲ; ಉಳಿದವರು ಹಣದ ಪರಿಹಾರದಿಂದ ತೃಪ್ತರಾಗುತ್ತಾರೆ ಎಂಬುದು ಒಂದು. ಬಾಲ್ಯದಲ್ಲಿಯೇ ಮದುವೆಯಾಗಿ, ಸವತಿಯರ ನಡುವೆ ಉಪೇಕ್ಷೆಗೊಳಗಾಗಿ ಬದುಕುವ ಈ ದೇಶದ ಹೆಣ್ಣನ್ನು ಕಾನೂನಿನಿಂದ ಶಿಕ್ಷಿಸುವುದು ಅನ್ಯಾಯವೆಂಬುದು ಇನ್ನೊಂದು. ಮುಂದೆ ಕರಡನ್ನು ಪರಿಷ್ಕರಿಸಿದವರು ವ್ಯಭಿಚಾರವನ್ನು ಅಪರಾಧವೆಂದು ಸೇರಿಸಿ, ಹೆಣ್ಣನ್ನು ಶಿಕ್ಷೆಯಿಂದ ಹೊರಗಿಟ್ಟರು. 1860ರಲ್ಲಿ ಅಂಗೀಕೃತವಾದ ಕಲಮಿನ ರೂಪ ಹೀಗಿತ್ತು: ಅಪರಾಧಿ ಪರಪುರುಷನೊಬ್ಬನೇ, ದೂರುಗಾರನು ಗಂಡನೊಬ್ಬನೇ, ಗಂಡನ ಸಮ್ಮತಿ ಅಥವಾ ಮೌನಾನುಮತಿ ಇದ್ದರೆ ಅಪರಾಧವೇ ಇಲ್ಲ. ಗಂಡನು ಅವಿವಾಹಿತೆಯನ್ನೋ ವಿಧವೆಯನ್ನೋ ಕೂಡಿದರೆ ಹೆಂಡತಿಗೆ ದೂರು ಕೊಡುವ ಹಕ್ಕಿರಲಿಲ್ಲ.

ಈ ಕಲಮನ್ನು ಕಟ್ಟೆಮನೆಯ ತೀರ್ಮಾನದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಅಂತರ್ಯ ಒಂದೇ ಎಂಬುದು ವೇದ್ಯವಾಗುತ್ತದೆ. ಎರಡರಲ್ಲಿಯೂ ಗಂಡನೇ ನೊಂದವನು, ಪರಪುರುಷನೇ ಹೊಣೆಗಾರ, ಹೆಣ್ಣು ಅವರ ನಡುವಿನ ವಿವಾದದ ವಸ್ತು. ಕಟ್ಟೆಮನೆ ತೆರ ಕೊಡಿಸಿದರೆ ಸಂಹಿತೆ ಸೆರೆಮನೆಗೆ ಕಳುಹಿಸಿತು. ವ್ಯತ್ಯಾಸ ಇಷ್ಟೇ ಆದರೂ ಅದರ ಪರಿಣಾಮ ದೊಡ್ಡದು: ಕಟ್ಟೆಮನೆಯಲ್ಲಿ ವಿವಾದ ತೀರಿದ ಮೇಲೆ ಹೆಣ್ಣಿಗೆ ಕೂಡಿಕೆಯ ದಾರಿಯೊಂದು ತೆರೆದಿರುತ್ತಿತ್ತು, ಸಂಹಿತೆಯಲ್ಲಿ ಅಂಥ ದಾರಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ಈ ಕಲಮು ಹಲವು ಬಾರಿ ಪ್ರಶ್ನೆಗೊಳಗಾಯಿತು. 1954ರಲ್ಲಿ, ಅನಂತರ 1985ರಲ್ಲಿ ಹಾಗೂ 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1971ರಲ್ಲಿ ಕಾನೂನು ಆಯೋಗವು ತನ್ನ 42ನೆಯ ವರದಿಯಲ್ಲಿ ಹೆಣ್ಣನ್ನೂ ಶಿಕ್ಷೆಗೆ ಒಳಪಡಿಸಲು ಶಿಫಾರಸು ಮಾಡಿದಾಗ, ಸದಸ್ಯೆ ಅನ್ನಾ ಚಾಂಡಿ ಅಪರಾಧವನ್ನೇ ತೆಗೆದುಹಾಕಬೇಕೆಂದು ಭಿನ್ನಮತ ದಾಖಲಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳೀಮಠ ಅವರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಸಲ್ಲಿಸಿದ ವರದಿಯೂ ಸಮಾನತೆಯ ಹೆಸರಿನಲ್ಲಿ ಶಿಕ್ಷೆಯನ್ನು ಹೆಣ್ಣಿಗೂ ವಿಸ್ತರಿಸಲು ಸೂಚಿಸಿತು. 2018ರ ಪೀಠವು ಈ ದಾರಿಯನ್ನು ಹಿಡಿಯಲಿಲ್ಲ. ನಾಲ್ಕು ಪ್ರತ್ಯೇಕ, ಆದರೆ ಒಮ್ಮತದ ಅಭಿಪ್ರಾಯಗಳ ಮೂಲಕ ಅದು ಕಲಮು ಹೆಣ್ಣನ್ನು ಗಂಡನ ಸ್ವತ್ತೆಂದು ಭಾವಿಸಿದೆ, ಸಮಾನತೆ ಮತ್ತು ಘನತೆಗಳಿಗೆ ಎರವಾಗಿದೆ ಎಂದು ಸಾರಿತು. 1985ರಲ್ಲಿ ಕಲಮನ್ನು ಎತ್ತಿಹಿಡಿದ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪುತ್ರ ಡಿ.ವೈ. ಚಂದ್ರಚೂಡ್ ಈ ಪೀಠದ ಸದಸ್ಯರಾಗಿದ್ದರು. 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯು ಲಿಂಗಭೇದವಿಲ್ಲದ ರೂಪದಲ್ಲಿ ಈ ಅಪರಾಧವನ್ನು ಮರಳಿ ತರಲು ಶಿಫಾರಸು ಮಾಡಿತಾದರೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಆದರೆ ಪರರ ಹೆಂಡತಿಯನ್ನು ದುರುದ್ದೇಶದಿಂದ ಪುಸಲಾಯಿಸಿ ಕರೆದೊಯ್ಯುವುದನ್ನು ಶಿಕ್ಷಿಸುವ ಹಳೆಯ 498ನೆಯ ಕಲಮು 84ನೆಯ ಕಲಮಾಗಿ ಮುಂದುವರಿದಿದೆ. ಹೆಣ್ಣನ್ನು ಕರೆದೊಯ್ಯಬಹುದಾದ ವಸ್ತುವೆಂದು ಕಾಣುವ ಭಾಷೆ ಕಾನೂನಿನಿಂದ ಪೂರ್ತಿ ಮರೆಯಾಗಿಲ್ಲ.

ಸಂಕಮ್ಮ ಕೊಡದ ಭಾಷೆ

ಶಾಸ್ತ್ರ, ರೂಢಿ ಮತ್ತು ಸಂಹಿತೆಗಳು ಹೆಣ್ಣನ್ನು ಪಕ್ಷವೆಂದು ಎಣಿಸದಿದ್ದ ಕಾಲದಲ್ಲಿ ಜನಪದ ಕಾವ್ಯವೊಂದು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದೆ. ಮಲೆ ಮಾದೇಶ್ವರನ ಭಕ್ತಿಪರಂಪರೆ ಈ ಸೀಮೆಗೆ ಹೊರಗಿನದಲ್ಲ. ಶಿವರಾತ್ರಿಯ ಹೊತ್ತಿಗೆ ರಾಮನಗರ, ಕನಕಪುರದ ಕಡೆಯ ಭಕ್ತರು ಸಂಗಮದ ಬಳಿ ಕಾವೇರಿಯನ್ನು ದಾಟಿ ಕಾಡುದಾರಿಯಲ್ಲಿ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ವಾಡಿಕೆಯಿದೆ. ಕಂಸಾಳೆಯವರು ಹಾಡುವ ಮಾದೇಶ್ವರ ಕಾವ್ಯದ ಪ್ರಸಿದ್ಧ ಸಾಲುಗಳಲ್ಲಿ ಸಂಕಮ್ಮನ ಸಾಲು ಒಂದು.

ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾಗುತ್ತವೆಯಾದರೂ ಕಥೆಯ ಕೇಂದ್ರ ಸ್ಥಿರವಾಗಿದೆ. ಸೋಲಿಗರ ನೀಲೇಗೌಡನು ಜೇನು ಕೀಳಲು ಕಾಡಿಗೆ ಹೊರಡುವ ಮುನ್ನ, ತಾನು ಮರಳುವವರೆಗೆ ಶೀಲವನ್ನು ಕಾಯ್ದುಕೊಳ್ಳುವುದಾಗಿ ಬಲಗೈ ಇಟ್ಟು ಭಾಷೆ ಕೊಡೆಂದು ಹೆಂಡತಿ ಸಂಕಮ್ಮನನ್ನು ಒತ್ತಾಯಿಸುತ್ತಾನೆ. ಅವಳು ನಿರಾಕರಿಸುತ್ತಾಳೆ. ಅವನು ಹಿಂಸಿಸುತ್ತಾನೆ, ಕಟ್ಟಿಹಾಕಿ ಹೊರಡುತ್ತಾನೆ. ಅವಳು ಆಗಲೂ ಭಾಷೆ ಕೊಡುವುದಿಲ್ಲ. ಅವಳ ಕಟ್ಟನ್ನು ಬಿಡಿಸಲು ಮಾದೇಶ್ವರನೇ ಬರಬೇಕಾಗುತ್ತದೆ. ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳ ಫಲ ದೊರೆಯುವುದೂ ಅವನಿಂದಲೇ.

ಸಂಕಮ್ಮ ಏಕೆ ಭಾಷೆ ಕೊಡುವುದಿಲ್ಲ? ಅವಳಿಗೆ ನಿಷ್ಠೆಯಿಲ್ಲವೆಂದಲ್ಲ; ಕಾವ್ಯ ಅವಳನ್ನು ಶರಣೆಯಾಗಿಯೇ ಚಿತ್ರಿಸುತ್ತದೆ. ಸಂಶಯದಿಂದ ಹುಟ್ಟಿದ, ಒಂದೇ ಕಡೆಯಿಂದ ಕೇಳಲಾದ, ಬಲವಂತದ ನೆರಳಿನಲ್ಲಿರುವ ಭಾಷೆಯು ಭಾಷೆಯಲ್ಲವೆಂಬ ನಿಲುವು ಅವಳ ನಿರಾಕರಣೆಯಲ್ಲಿ ಅಡಗಿದೆ. ಕಾಡಿಗೆ ಹೋಗುವ ನೀಲೇಗೌಡನು ತನ್ನ ಕಡೆಯಿಂದ ಯಾವ ಭಾಷೆಯನ್ನೂ ನೀಡುವುದಿಲ್ಲ ಎಂಬುದನ್ನು ಗಮನಿಸಬೇಕು. ಭಾಷೆ ಎಂಬ ಕನ್ನಡ ಪದಕ್ಕೆ ನುಡಿ ಎಂಬ ಅರ್ಥವೂ ಇದೆ, ಪ್ರತಿಜ್ಞೆ ಎಂಬ ಅರ್ಥವೂ ಇದೆ. ಪ್ರತಿಜ್ಞೆಯನ್ನು ತಡೆಹಿಡಿಯುವ ಮೂಲಕವೇ ಸಂಕಮ್ಮ ತನಗೆ ನುಡಿಯುವ ಅಧಿಕಾರವಿದೆಯೆಂದು ಸ್ಥಾಪಿಸುತ್ತಾಳೆ. ಪ್ರೇಮಿಗಳು ಕಾಡಿಗೆ ಓಡಿಹೋಗಿ ಮರಳಿ ಬಂದಾಗ ಹಿರಿಯರು ತಪ್ಪು ಹಣ ಪಡೆದು ದಂಪತಿಗಳೆಂದು ಒಪ್ಪಿಕೊಳ್ಳುವ ಪದ್ಧತಿ ಸೋಲಿಗರಲ್ಲಿರುವುದು ತಿಳಿದ ಸಂಗತಿ. ಹೆಣ್ಣಿನ ಆಯ್ಕೆಗೆ ಇಷ್ಟು ಅವಕಾಶ ಕೊಟ್ಟ ಸಮುದಾಯದ ಕಥೆಯಲ್ಲಿಯೇ ಈ ನಿರಾಕರಣೆ ಮೂಡಿಬಂದಿರುವುದು ಅರ್ಥಪೂರ್ಣವಾಗಿದೆ. ಕರಾರಿನ ಸಿಂಧುತ್ವಕ್ಕೆ ಮುಕ್ತ ಸಮ್ಮತಿ ಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮ ಹೇಳುವುದನ್ನು ಕಾವ್ಯ ತನ್ನದೇ ರೀತಿಯಲ್ಲಿ ಹೇಳಿದೆ.

ಇಂದಿನ ಸ್ಥಿತಿ

ಅಪರಾಧ ಕಾನೂನು ಹಿಂದೆ ಸರಿದ ಮೇಲೆ ಉಳಿದಿರುವುದು ಸಿವಿಲ್ ಕಾನೂನು. 1955ರ ಹಿಂದೂ ವಿವಾಹ ಅಧಿನಿಯಮದಲ್ಲಿ ವ್ಯಭಿಚಾರವು ಗಂಡಹೆಂಡಿರಿಬ್ಬರಿಗೂ ಸಮಾನವಾದ ವಿಚ್ಛೇದನದ ಕಾರಣ. 1976ರ ತಿದ್ದುಪಡಿಯು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೂ ಅವಕಾಶ ಕಲ್ಪಿಸಿತು. ಈ ಅಧಿನಿಯಮದ 29ನೆಯ ಕಲಮು ರೂಢಿಯಿಂದ ದೊರೆತ ಬಿಡುಗಡೆಯ ಹಕ್ಕನ್ನು ಉಳಿಸಿಕೊಟ್ಟಿದೆ. ಹಳ್ಳಿಗಳಲ್ಲಿ ಛಾಪಾಕಾಗದದ ಮೇಲೆ ಬರೆಸುವ ಬಿಡುಗಡೆ ಪತ್ರಗಳ ಆಸರೆ ಇದೇ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿದೆಯೆಂದು ಪಕ್ಷಗಾರರು ರುಜುವಾತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಇದನ್ನರಿಯದೆ ಪತ್ರಕ್ಕೆ ರುಜು ಹಾಕಿ ಮರುಮದುವೆಯಾದ ಹೆಣ್ಣಿನ ಎರಡನೆಯ ದಾಂಪತ್ಯ ಮುಂದೆ ಆಸ್ತಿಯ ಪ್ರಶ್ನೆ ಎದ್ದಾಗ ಅಸಿಂಧುವಾಗುವ ಅಪಾಯವಿದೆ. ಜೀವನಾಂಶದ ವಿಷಯದಲ್ಲಿಯೂ, ವ್ಯಭಿಚಾರದಲ್ಲಿ ಬಾಳುತ್ತಿರುವ ಹೆಂಡತಿಗೆ ಅದು ಸಲ್ಲದೆಂಬ ನಿಯಮವು 2023ರ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿದೆ. ಹೀಗೆ ಸೆರೆಮನೆಯ ಭಯ ತೊಲಗಿದರೂ, ಅನ್ನದ ಪ್ರಶ್ನೆಯಾಗಿ ಶಿಕ್ಷೆ ಉಳಿದಿದೆ.

ಪರಿಹಾರದ ಕಲ್ಪನೆಯೂ ಹೊಸ ರೂಪದಲ್ಲಿ ಮರಳಿದೆ. 2025ರ ಸೆಪ್ಟೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ತನ್ನ ದಾಂಪತ್ಯವನ್ನು ಒಡೆದ ಮೂರನೆಯ ವ್ಯಕ್ತಿಯಿಂದ ಪರಿಹಾರ ಕೋರಿ ಹೆಂಡತಿಯೊಬ್ಬಳು ಹೂಡಿದ ಸಿವಿಲ್ ದಾವೆಯು ವಿಚಾರಣೆಗೆ ಅರ್ಹವೆಂದು ಅಭಿಪ್ರಾಯಪಟ್ಟಿತು. ಕಟ್ಟೆಮನೆಯ ಲೆಕ್ಕದಲ್ಲಿ ಗಂಡನಿಗೆ ಮಾತ್ರ ಇದ್ದ ಬಾಬು ಇಲ್ಲಿ ಮೊದಲ ಬಾರಿಗೆ ಹೆಂಡತಿಯ ಹೆಸರಿಗೆ ಬಂದಿದೆ. ಇದು ಒಂದು ನ್ಯಾಯವಾದರೂ, ಮನುಷ್ಯರ ಒಲವನ್ನು ಹಣದಲ್ಲಿ ಅಳೆಯುವ ಹಳೆಯ ತೊಡಕಿನಿಂದ ಅದು ಹೊರತಲ್ಲ.

ಇನ್ನೊಂದೆಡೆ, ಕಾನೂನು ಬಿಟ್ಟುಕೊಟ್ಟ ಜಾಗವನ್ನು ಜಾತಿಯ ಪಂಚಾಯಿತಿ ತುಂಬುವ ಸಾಧ್ಯತೆಯೂ ಇದೆ. ಪ್ರಭುತ್ವ ಹಿಂದೆ ಸರಿದರೆ ವ್ಯಕ್ತಿ ಸ್ವತಂತ್ರನಾಗುತ್ತಾನೆಂದು ಸ್ವಾತಂತ್ರ್ಯವಾದ ನಂಬುತ್ತದೆ. ಆದರೆ ದಂಡ ಹಾಕಿ, ಕೊಡದಿದ್ದರೆ ಬೆಂಕಿ ನೀರು ನಿಲ್ಲಿಸಿ ಊರಿನಿಂದ ಹೊರಗಿಡುವ ಕುಲದ ಶಕ್ತಿಯು ಪ್ರಭುತ್ವದ ಶಕ್ತಿಗಿಂತ ಸೌಮ್ಯವೇನಲ್ಲ. ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರುವ ಅಧಿನಿಯಮವನ್ನು 2016ರಲ್ಲಿ ಮಹಾರಾಷ್ಟ್ರ ರೂಪಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ. ವ್ಯಕ್ತಿಯ ಖಾಸಗಿ ಬದುಕಿನಿಂದ ಪ್ರಭುತ್ವ ದೂರ ನಿಲ್ಲಬೇಕಾದರೆ, ಅವಳನ್ನು ಕುಲದ ದಂಡದಿಂದ ಕಾಯಲು ಅದೇ ಪ್ರಭುತ್ವ ಹತ್ತಿರ ಇರಬೇಕಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವಿವಾಹವು ಕರಾರೆಂಬ ಕಲ್ಪನೆ ಈ ನೆಲಕ್ಕೆ ಹೊಸದಲ್ಲ. ವೀಳ್ಯ, ತೆರ, ಬಿಡುಗಡೆ, ಕೂಡಿಕೆಗಳು ಅದರದೇ ರೂಪಗಳು. ವ್ಯಭಿಚಾರಕ್ಕೆ ಸೆರೆಮನೆ ಇಲ್ಲಿನ ಹಲವು ಸಮುದಾಯಗಳ ರೂಢಿಯಾಗಿರಲಿಲ್ಲ. ಅದು 1860ರ ಸಂಹಿತೆಯ ಕೊಡುಗೆ. ಆದುದರಿಂದ ಶಿಕ್ಷೆಯನ್ನು ಮರಳಿ ತರುವ ಬೇಡಿಕೆಯನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಆದರೆ ಕರಾರಿನ ವಾದವೂ ತನ್ನಷ್ಟಕ್ಕೆ ಸಾಲದು. ಕರಾರು ಎರಡು ಮನೆಗಳ ನಡುವೆ ಆಗಿ, ಪರಿಹಾರ ಇಬ್ಬರು ಗಂಡಸರ ನಡುವೆ ಕೈಬದಲಾಗಿ, ಹೆಣ್ಣು ಅದರ ವಸ್ತುವಾಗಿ ಉಳಿದರೆ, ಸೆರೆಮನೆ ಇಲ್ಲದಿದ್ದ ಮಾತ್ರಕ್ಕೆ ಅಲ್ಲಿ ಸ್ವಾತಂತ್ರ್ಯವಿತ್ತೆಂದು ಹೇಳಲಾಗದು.

ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯವು, 1966ರಲ್ಲಿ ಅವರ ಪುತ್ರ ಪೂರ್ಣಚಂದ್ರ ತೇಜಸ್ವಿ ಅವರ ವಿವಾಹದ ಮೂಲಕ ಆಚರಣೆಗೆ ಬಂದಾಗ, ಪುರೋಹಿತ ಮತ್ತು ದಾನಗಳೆರಡನ್ನೂ ಬದಿಗಿಟ್ಟು ವಧೂವರರ ಸಂಕಲ್ಪವನ್ನು ಮುಂದಿಟ್ಟಿತು. ಧಾರೆಯ ಗೌರವ ಮತ್ತು ಕೂಡಿಕೆಯ ಸಮಾನತೆ ಒಂದೆಡೆ ಸೇರುವ ಸಾಧ್ಯತೆಯನ್ನು ಅದು ತೋರಿಸಿಕೊಟ್ಟಿತು. ಇಂಥ ಸಂಕಲ್ಪಕ್ಕೆ ಬಲ ಬರಬೇಕಾದರೆ ಒಪ್ಪಲೂ ಬಿಡಲೂ ಹೆಣ್ಣಿಗೆ ನೆಲೆ ಬೇಕು. ರಾಮನಗರದ ರೇಷ್ಮೆ ಬಿಚ್ಚಣಿಕೆಯ ಘಟಕಗಳಲ್ಲಿ, ಚನ್ನಪಟ್ಟಣದ ಬೊಂಬೆ ಕಸುಬಿನಲ್ಲಿ ಅವಳು ಗಳಿಸುವ ಕೂಲಿ, 1933ರ ಮೈಸೂರು ಹಿಂದೂ ಮಹಿಳಾ ಹಕ್ಕುಗಳ ಅಧಿನಿಯಮದಿಂದ ಇಂದಿನವರೆಗೆ ಅವಳಿಗೆ ದೊರೆತ ಆಸ್ತಿಯ ಹಕ್ಕು – ಇವು ದಾಂಪತ್ಯನಿಷ್ಠೆಯ ಚರ್ಚೆಗೆ ಹೊರಗಿನ ಸಂಗತಿಗಳಲ್ಲ. ಬಿಟ್ಟುಹೋಗಲು ಸಾಧ್ಯವಿದ್ದವಳು ಉಳಿದುಕೊಂಡಾಗ ಮಾತ್ರ ಆ ಉಳಿಯುವಿಕೆಗೆ ನಿಷ್ಠೆ ಎಂಬ ಹೆಸರು ಸಲ್ಲುತ್ತದೆ. ಕಾನೂನು ಮಾಡಬಹುದಾದದ್ದು ಆ ಸಾಧ್ಯತೆಯನ್ನು ಕಾಯುವುದಷ್ಟೆ. ಕೈಯ ಮೇಲೆ ಕೈ ಇಡುವ ಭಾಷೆಯನ್ನು ಕೊಡಬೇಕಾದವರು, ಪರಸ್ಪರ ಕೊಡಬೇಕಾದವರು, ಆ ಇಬ್ಬರೇ.